ಮುಳುಗಡೆ ಪರಿಹಾರದಲ್ಲಿ ವಕೀಲರಿಗೆ ಪಾಲು: ಇದು ಸರಿಯಾ?

ಹಿನ್ನೀರಿನ ಊರಿನವ, ಬೀಳಗಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯೋದೋ ಬೇಡವೋ ಅಂತ ತುಂಬಾ ದಿನ ಯೋಚಿಸಿದೆ. ಊರಲ್ಲಿ ಯಾರ ಹತ್ತಿರವೂ ಕೇಳುವ ಹಾಗಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮದು ಆಲಮಟ್ಟಿ ಹಿನ್ನೀರಿಗೆ ಹೋದ ಊರು. ಅಪ್ಪನ ನಾಲ್ಕು ಎಕರೆ ಹನ್ನೆರಡು ಗುಂಟೆ ಹೊಲ ನೀರಿನ ಪಾಲಾಯಿತು. ಹೊಳೆ ದಂಡೆಯ ಎರೆಭೂಮಿ. ಬಿಳಿಜೋಳ, ಕಡಲೆ ಚೆನ್ನಾಗಿ ಬರುತ್ತಿತ್ತು. ಆಗ ನಡೆದದ್ದು 1894ರ ಹಳೆ ಭೂಸ್ವಾಧೀನ ಕಾಯ್ದೆ. ಐತೀರ್ಪಿನಲ್ಲಿ, ಅಂದರೆ ಭೂಸ್ವಾಧೀನಾಧಿಕಾರಿ ಗೊತ್ತುಮಾಡಿದ ಪರಿಹಾರವಾಗಿ, ಬಂದ ದುಡ್ಡಿಗೆ ಬೇರೆ ಕಡೆ ಅಂಥ ಹೊಲ ಒಂದು ಎಕರೆಯೂ ಸಿಗುತ್ತಿರಲಿಲ್ಲ. ಊರಿನವರೆಲ್ಲ ಹೆಚ್ಚುವರಿ ಪರಿಹಾರಕ್ಕೆ ಕೋರ್ಟಿಗೆ ಹೋದರು. ಅಪ್ಪನೂ ಹೋದರು.

ವಕೀಲರು ತಾವೇ ಊರಿಗೆ ಬಂದಿದ್ದರು. ಹನುಮಪ್ಪನ ಗುಡಿ ಕಟ್ಟೆ ಮೇಲೆ ಕೂತು ಹೇಳಿದರು: "ನಿಮ್ಮ ಕೈಯಿಂದ ಒಂದು ರೂಪಾಯಿ ಬೇಡ. ಬಂದರೆ ನೂರಕ್ಕೆ ಹದಿನೈದು ನನಗೆ ಕೊಡಿ. ಬರದಿದ್ದರೆ ನನ್ನ ಕರ್ಮ." ಅವತ್ತು ಒಂದೇ ದಿನ ಮೂವತ್ತು ಮನೆಯವರು ವಕಾಲತ್ತಿಗೆ ಸಹಿ ಹಾಕಿದರು. ಆಮೇಲೆ ಬ್ಯಾಂಕ್ ಖಾತೆ ಮಾಡಿಸಿದರು. ಪಾಸ್‌ಬುಕ್ಕು ವಕೀಲರ ಹತ್ತಿರ. ಸಹಿ ಮಾಡಿದ ಖಾಲಿ ಚೆಕ್ಕುಗಳೂ ಅವರ ಹತ್ತಿರ.

ಹನ್ನೊಂದು ವರ್ಷ ಕೇಸು ನಡೆಯಿತು. ಗೆದ್ದೆವು. ಬಡ್ಡಿ ಸೇರಿ ಹದಿನೆಂಟು ಲಕ್ಷ ಬಂತು. ಪಾಸ್‌ಬುಕ್ಕು ಕೈಗೆ ಬಂದಾಗ ಅದರಲ್ಲಿ ಹದಿಮೂರೂವರೆ ಲಕ್ಷ ಇತ್ತು. ನೂರಕ್ಕೆ ಹದಿನೈದು ಅಂದವರು ನೂರಕ್ಕೆ ಇಪ್ಪತ್ತೈದು ತೆಗೆದುಕೊಂಡಿದ್ದರು. ಕೇಳಿದರೆ "ಖರ್ಚು ಜಾಸ್ತಿ ಆಯಿತು" ಅಂದರು. ಲೆಕ್ಕ ಇಲ್ಲ, ರಸೀದಿ ಇಲ್ಲ. ಇನ್ನೂ ಹೆಚ್ಚಿನ ಪರಿಹಾರಕ್ಕೆ ಬೇರೆ ವಕೀಲರಿಂದ ಅಪೀಲು ಹಾಕಿಸಬಹುದಾ ಅಂತ ವಿಚಾರಿಸೋಣ ಅಂದರೆ ಫೈಲು ಕೊಡುತ್ತಿಲ್ಲ. ಆ ಫೈಲಿನಲ್ಲಿ ನಮ್ಮ ಅಜ್ಜನ ಹೆಸರಿನ ಕೈಬರಹದ ಹಳೆ ಉತಾರವೂ (ಪಹಣಿ) ಇದೆ.

ಅಪ್ಪನಿಗೆ ದೂರು ಕೊಡುವುದು ಇಷ್ಟ ಇಲ್ಲ. "ಆ ಮನುಷ್ಯ ಹನ್ನೊಂದು ವರ್ಷ ನಮಗಾಗಿ ಓಡಾಡಿದ್ದಾನೆ. ಅವನಿಲ್ಲದಿದ್ದರೆ ಈ ಹದಿಮೂರೂವರೆಯೂ ಬರುತ್ತಿರಲಿಲ್ಲ" ಅನ್ನುತ್ತಾರೆ. ಅದೂ ಸುಳ್ಳಲ್ಲ.

ನನ್ನ ಪ್ರಶ್ನೆ ಇಷ್ಟೇ. ಇದು ತಪ್ಪಾ? ಎಲ್ಲರೂ ಮಾಡುವ ಪದ್ಧತಿ ಅಂತ ಸುಮ್ಮನಿರಬೇಕಾ?

ಕಾನೂನು ವಿದ್ಯಾರ್ಥಿನಿ, ಬೆಳಗಾವಿ

ಅಣ್ಣಾ, ತಪ್ಪು. ಹದಿನೈದು ಅಂದು ಇಪ್ಪತ್ತೈದು ತೆಗೆದುಕೊಂಡದ್ದು ಮಾತ್ರ ಅಲ್ಲ, ಆ ಹದಿನೈದೂ ತಪ್ಪೇ.

ಭಾರತೀಯ ವಕೀಲರ ಪರಿಷತ್ತಿನ ನಡತೆಯ ನಿಯಮಗಳಲ್ಲಿ 20ನೆಯ ನಿಯಮ ಇದೆ. ಕೇಸಿನ ಫಲಿತಾಂಶಕ್ಕೆ ಕಟ್ಟುಹಾಕಿ ಫೀ ಮಾತಾಡಬಾರದು, ಬಂದ ಹಣದಲ್ಲಿ ಪಾಲಿಗೆ ಒಪ್ಪಬಾರದು ಅಂತ ಅದರಲ್ಲಿ ಇದೆ. ಊರಿಗೆ ಬಂದು ಕೇಸು ಕೇಳುವುದಕ್ಕೂ 36ನೆಯ ನಿಯಮದಲ್ಲಿ ಅವಕಾಶ ಇಲ್ಲ. ಸುಪ್ರೀಂ ಕೋರ್ಟು 1954ರಲ್ಲೇ ಒಬ್ಬ ಹಿರಿಯ ವಕೀಲರ ಪ್ರಕರಣದಲ್ಲಿ ಪಾಲಿನ ಒಪ್ಪಂದ ವೃತ್ತಿ ದುರ್ನಡತೆ ಅಂತ ಹೇಳಿದೆ. ತೀರ್ಪಿನಲ್ಲಿ ಅವರ ಹೆಸರು ಬಿಟ್ಟು 'ಜಿ' ಅಂತ ಮಾತ್ರ ಬರೆದಿದ್ದಾರೆ.

ನಿಮ್ಮ ಕಥೆಗೆ ಹತ್ತಿರವಾದದ್ದು 2017ರ ಬಿ. ಸುನೀತಾ ಪ್ರಕರಣ. ತೆಲಂಗಾಣದ್ದು. ಗಂಡ ಅಪಘಾತದಲ್ಲಿ ತೀರಿಕೊಂಡಿದ್ದ ಹೆಣ್ಣುಮಗಳು. ಪರಿಹಾರ ಬಂದ ಮೇಲೆ ವಕೀಲರು ಅದರಲ್ಲಿ ಪಾಲು ಕೇಳಿದರು, ಚೆಕ್ಕು ಬರೆಸಿಕೊಂಡರು, ಅದು ಪಾಸಾಗದಿದ್ದಾಗ ಆಕೆಯ ಮೇಲೆಯೇ ಚೆಕ್ ಬೌನ್ಸ್ ಕೇಸು ಹಾಕಿದರು. ಸುಪ್ರೀಂ ಕೋರ್ಟು ಆ ಕೇಸನ್ನು ರದ್ದು ಮಾಡಿತು. ಪಾಲಿನ ಲೆಕ್ಕದ ಫೀಯನ್ನು ಕಾನೂನಿನ ಬಲದಿಂದ ವಸೂಲಿ ಮಾಡುವ ಹಾಗಿಲ್ಲ ಅಂದಿತು.

ಫೈಲಿನ ಬಗ್ಗೆಯೂ ಚಿಂತೆ ಬೇಡ. 2000ದ ಆರ್.ಡಿ. ಸಕ್ಸೇನಾ ತೀರ್ಪು ಇದೆ. ಫೀ ಬಾಕಿ ಇದ್ದರೂ ಕಕ್ಷಿದಾರರ ಕಾಗದ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗೆ ಇಲ್ಲ. ನಿಮ್ಮದರಲ್ಲಿ ಬಾಕಿಯೂ ಇಲ್ಲ.

ದೂರು ಕೊಡುವುದಾದರೆ 1961ರ ವಕೀಲರ ಕಾಯ್ದೆಯ 35ನೆಯ ಕಲಂ ಪ್ರಕಾರ ರಾಜ್ಯ ವಕೀಲರ ಪರಿಷತ್ತಿಗೆ ಕೊಡಬೇಕು. ಗ್ರಾಹಕರ ಕೋರ್ಟಿಗೆ ಹೋಗಬೇಡಿ. ವಕೀಲರ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿಬಿಟ್ಟಿದೆ. ನನಗೆ ಆ ತೀರ್ಪು ಸಮಾಧಾನ ಕೊಟ್ಟಿಲ್ಲ, ಆದರೆ ಈಗ ಕಾನೂನು ಅದೇ.

ಕಬ್ಬು ಬೆಳೆಗಾರ, ಮುಧೋಳ

ತಂಗಿ ಹೇಳಿದ್ದು ಪುಸ್ತಕದ ಪ್ರಕಾರ ಸರಿ. ಆದರೆ ಹೊಲ ಹೋದವನ ಹತ್ತಿರ ಕೋರ್ಟಿಗೆ ಕೊಡಲು ದುಡ್ಡು ಎಲ್ಲಿಂದ ಬರಬೇಕು? ನಮ್ಮ ಮಾವನ ಊರಲ್ಲಿ ಮೊದಲು ಫೀ ಕೇಳಿದ ವಕೀಲರ ಹತ್ತಿರ ಯಾರೂ ಹೋಗಲಿಲ್ಲ. ಪಾಲಿಗೆ ಒಪ್ಪಿದವರ ಹತ್ತಿರ ಸಾಲು ಹಚ್ಚಿದರು. ಪಾಲು ಬೇಡ ಅಂದುಬಿಟ್ಟರೆ ಬಡವನ ಕೇಸೇ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ. ಅದಕ್ಕೆ ಏನು ಮಾಡೋಣ?

ವಕೀಲ, ಜಮಖಂಡಿ

ಈ ಚರ್ಚೆ ಎರಡು ದಿನದಿಂದ ಓದುತ್ತಿದ್ದೇನೆ. ಬರೆಯಲು ಧೈರ್ಯ ಬೇಕಾಯಿತು. ಯಾಕೆಂದರೆ ನಾನೂ ಪಾಲಿನ ಮೇಲೆ ಕೇಸು ನಡೆಸಿದವನು. ಮೊದಲ ಆರೇಳು ವರ್ಷ. ಈಗ ಬಿಟ್ಟಿದ್ದೇನೆ. ಯಾಕೆ ಹಿಡಿದೆ, ಯಾಕೆ ಬಿಟ್ಟೆ, ಎರಡನ್ನೂ ಹೇಳುತ್ತೇನೆ.

ಒಂದು ಭೂಸ್ವಾಧೀನ ಕೇಸು ನಡೆಸಲು ಏನೇನು ಬೇಕು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಸುತ್ತಲಿನ ಹೊಲಗಳ ಖರೀದಿ ಪತ್ರದ ನಕಲು ಉಪನೋಂದಣಿ ಕಚೇರಿಯಿಂದ ತರಬೇಕು. ಎಕರೆಗೆ ಎಷ್ಟು ಕ್ವಿಂಟಲ್ ಇಳುವರಿ ಅಂತ ಕೃಷಿ ಇಲಾಖೆಯ ಪಟ್ಟಿ ಬೇಕು. ಎಪಿಎಂಸಿಯಿಂದ ಆಗಿನ ದರದ ಪಟ್ಟಿ ಬೇಕು. ಇಳುವರಿಗೆ ದರ ಕಟ್ಟಿ, ಅದರಲ್ಲಿ ಬೇಸಾಯದ ಖರ್ಚು ಕಳೆದು, ಉಳಿದ ವರ್ಷದ ಆದಾಯವನ್ನು ಹತ್ತರಿಂದ ಗುಣಿಸಿ ಹೊಲದ ಬೆಲೆ ತೆಗೆಯುವುದು ನಮ್ಮ ಕಡೆ ರೂಢಿಯಲ್ಲಿರುವ ಲೆಕ್ಕ. ಬಾವಿ, ಪೈಪ್‌ಲೈನ್, ಗಿಡಗಳಿಗೆ ಬೇರೆ ಸಾಕ್ಷಿ. ಕೆಳಗಿನ ಕೋರ್ಟು ಮುಗಿದ ಮೇಲೆ ಹೈಕೋರ್ಟಿಗೆ ಅಪೀಲು ಹೋದರೆ ಹೆಚ್ಚು ಕೇಳುವ ಮೊತ್ತದ ಮೇಲೆ ಕೋರ್ಟ್ ಫೀ ಕಟ್ಟಬೇಕು. 2008ರಲ್ಲಿ ಧಾರವಾಡ ಪೀಠ ಬರುವ ತನಕ ಪ್ರತಿಯೊಂದಕ್ಕೂ ಬೆಂಗಳೂರಿಗೆ ರಾತ್ರಿ ಬಸ್ಸು. ಈ ಖರ್ಚನ್ನೆಲ್ಲ ರೈತ ಹಾಕಲಾರ. ನಾವು ಹಾಕಿದೆವು. ಕೆಲವರು ಹೆಂಡತಿಯ ಬಂಗಾರ ಒತ್ತೆ ಇಟ್ಟು ಹಾಕಿದ್ದಾರೆ. ಮುಧೋಳದ ಅಣ್ಣನವರು ಹೇಳಿದ್ದು ಈ ಮಟ್ಟಿಗೆ ನಿಜ.

ಬಿಟ್ಟದ್ದು ಯಾಕೆ ಅಂದರೆ, ಒಂದು ಕೇಸಿನಲ್ಲಿ ನನ್ನ ಮನಸ್ಸು ನನಗೇ ಕಾಣಿಸಿತು. ಹಳೆ ಕಾಯ್ದೆಯಲ್ಲಿ ಹೆಚ್ಚಾದ ಮೊತ್ತಕ್ಕೆ ಮೊದಲ ವರ್ಷ ನೂರಕ್ಕೆ 9 ಬಡ್ಡಿ, ಆಮೇಲೆ ನೂರಕ್ಕೆ 15. ಕೇಸು ತಡ ಆದಷ್ಟೂ ಬಡ್ಡಿ ಬೆಳೆಯುತ್ತದೆ. ಬಡ್ಡಿ ಬೆಳೆದಷ್ಟೂ ನನ್ನ ಪಾಲೂ ಬೆಳೆಯುತ್ತದೆ. ಒಬ್ಬ ಮುದುಕರು ಬಂದು ಮಗಳ ಮದುವೆ ಇದೆ, ಲೋಕ ಅದಾಲತ್ತಿನಲ್ಲಿ ಕಡಿಮೆಗಾದರೂ ಮುಗಿಸಿಬಿಡಿ ವಕೀಲ ಸಾಹೇಬ್ರೆ ಅಂದರು. ನಾನು ಕಾಯಿರಿ ಅಂದೆ. ಅವರಿಗೆ ಹೇಳಿದ ಕಾರಣ ಒಂದು. ನನ್ನ ಒಳಗಿದ್ದ ಕಾರಣ ಇನ್ನೊಂದು. ಅವರು ಸಾಲ ಮಾಡಿ ಮದುವೆ ಮಾಡಿದರು. ಹಣ ಬರುವ ಹೊತ್ತಿಗೆ ಅವರಿರಲಿಲ್ಲ.

ಆಗ ಆ ನಿಯಮ ಯಾಕಿದೆ ಅಂತ ಅರ್ಥವಾಯಿತು. ಪಾಲು ಒಪ್ಪಿದ ದಿನವೇ ನಾನು ಅವರ ಹೊಲದಲ್ಲಿ ಪಾಲುದಾರ ಆಗಿಬಿಟ್ಟಿದ್ದೆ. ಪಾಲುದಾರನ ಹತ್ತಿರ ಸಲಹೆ ಕೇಳಿದರೆ ಅವನು ತನ್ನ ಪಾಲು ನೋಡಿಕೊಂಡೇ ಹೇಳುತ್ತಾನೆ. ಕರಿಕೋಟು ಹಾಕಿಕೊಂಡು ಹೇಳಿದರೂ ಅಷ್ಟೇ.

ಈಗ ಹೇಗೆ ಮಾಡುತ್ತೇನೆ ಅಂದರೆ, ಮೊದಲೇ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಒಟ್ಟು ಫೀ ಇಷ್ಟು. ಕಂತು ಇಷ್ಟು. ಖರ್ಚು ಬೇರೆ, ಅದಕ್ಕೆ ರಸೀದಿ. ಕೊಡಲಾಗದವರಿಗೆ ಫೀ ಕಡಿಮೆ ಮಾಡುತ್ತೇನೆ, ತಡವಾಗಿ ಕೊಡಿ ಅನ್ನುತ್ತೇನೆ. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ಇದರಿಂದ ನನ್ನ ಹತ್ತಿರ ಬರುವ ಕೇಸು ಕಡಿಮೆಯಾಗಿವೆ. ಸುಳ್ಳು ಹೇಳುವುದಿಲ್ಲ. ಆದರೆ ರಾಜಿ ಮಾಡಲಾ ಬೇಡವಾ ಅಂತ ಯಾರಾದರೂ ಕೇಳಿದರೆ ಈಗ ಅವರ ಮುಖ ನೋಡಿ ಉತ್ತರ ಹೇಳಬಲ್ಲೆ.

ಬೀಳಗಿಯ ತಮ್ಮನಿಗೆ ಒಂದು ಮಾತು. ಖಾಲಿ ಚೆಕ್ಕು ತೆಗೆದುಕೊಂಡದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಕಕ್ಷಿದಾರರ ಹಣ ಕೈಗೆ ಬಂದರೆ ಲೆಕ್ಕ ಇಡಬೇಕು, ಕೇಳಿದಾಗ ಲೆಕ್ಕದ ಪ್ರತಿ ಕೊಡಬೇಕು. ಅದೂ ನಡತೆಯ ನಿಯಮದಲ್ಲೇ ಇದೆ. ನಿಮ್ಮ ಅಪ್ಪ ಅವರಿಗೆ ಋಣಿ ಅನ್ನುವುದು ದೊಡ್ಡ ಗುಣ. ಆದರೆ ಆ ಋಣ ಲೆಕ್ಕ ಕೇಳುವುದಕ್ಕೆ ಅಡ್ಡ ಬರಬಾರದು.

ಹಿನ್ನೀರಿನ ಊರಿನವ, ಬೀಳಗಿ ತಾಲ್ಲೂಕು

ಸರ್, ನಿಮ್ಮ ಮಾತು ಅಪ್ಪನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಎದ್ದು ಹೊರಗೆ ಹೋಗಿ ಕೂತರು.

ಒಂದು ತೊಂದರೆ ಇದೆ. ಇಲ್ಲಿ ಇಬ್ಬರು ವಕೀಲರನ್ನು ಕೇಳಿದೆ. ಹಳೆ ವಕೀಲರ ಒಪ್ಪಿಗೆ ತಂದರೆ ಮಾತ್ರ ನಿಮ್ಮ ಕೇಸು ಹಿಡಿಯುತ್ತೇವೆ ಅಂದರು. ಹಳೆ ವಕೀಲರು ಒಪ್ಪಿಗೆ ಕೊಡುವುದಿಲ್ಲ. ಈಗ ಏನು ದಾರಿ?

ವಕೀಲ, ಜಮಖಂಡಿ

ಒಬ್ಬರ ವಕಾಲತ್ತು ಇರುವ ಕೇಸಿನಲ್ಲಿ ಇನ್ನೊಬ್ಬರು ಬರಬೇಕಾದರೆ ಮೊದಲಿನವರ ಒಪ್ಪಿಗೆ ಬೇಕು. ಅದು 39ನೆಯ ನಿಯಮ. ಆದರೆ ಅದೇ ನಿಯಮದಲ್ಲಿ ಮುಂದಿನ ಮಾತೂ ಇದೆ. ಒಪ್ಪಿಗೆ ಸಿಗದಿದ್ದರೆ ಯಾಕೆ ಸಿಗಲಿಲ್ಲ ಅಂತ ಕೋರ್ಟಿಗೆ ಅರ್ಜಿ ಹಾಕಿ, ಕೋರ್ಟಿನ ಅನುಮತಿ ಪಡೆದು ಬರಬಹುದು. ಅನೇಕರು ಮೊದಲ ಅರ್ಧ ಮಾತ್ರ ಹೇಳಿ ಕಳಿಸುತ್ತಾರೆ. ಒಂದೇ ಬಾರ್ ರೂಮಿನಲ್ಲಿ ದಿನಾ ಚಹಾ ಕುಡಿಯುವವರ ವಿರುದ್ಧ ನಿಲ್ಲುವುದು ಕಷ್ಟ, ಅದು ಗೊತ್ತು. ಆದರೂ ಕಷ್ಟ ಅಂತ ಕೈಬಿಟ್ಟರೆ ಜನ ಎಲ್ಲಿ ಹೋಗಬೇಕು? ನಿಮಗೆ ಅಲ್ಲಿ ಯಾರೂ ಸಿಗದಿದ್ದರೆ ಜಮಖಂಡಿಗೆ ಬನ್ನಿ.

ನಿವೃತ್ತ ಕೋರ್ಟ್ ನೌಕರ, ವಿಜಯಪುರ

ನಾನು ಮೂವತ್ತಮೂರು ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿದವನು. ಬಾಗಲಕೋಟೆ 1997ರಲ್ಲಿ ಬೇರೆ ಜಿಲ್ಲೆ ಆಗುವ ಮೊದಲು ಅಲ್ಲಿಯೂ ಇದ್ದೆ. ಮುಳುಗಡೆ ಕೇಸುಗಳ ಕಾಲ ಕಣ್ಣಾರೆ ನೋಡಿದ್ದೇನೆ. ಕಟ್ಟು ಕಟ್ಟು ಫೈಲು. ಇಡಲು ಜಾಗ ಇರುತ್ತಿರಲಿಲ್ಲ.

ಆಗ ಹಳ್ಳಿಯ ಮಂದಿ ಕಲಮುಗಳಲ್ಲೇ ಮಾತಾಡುತ್ತಿದ್ದರು. "ನಮ್ಮೂರಿಗೆ ನಾಲ್ಕು ಒಂದು ಆಗಿದೆ", "ನಮ್ಮದಕ್ಕೆ ಆರು ಒಂದು ಬಂತು." ಓದು ಬರಹ ಬರದ ಅಜ್ಜಿ ಕೂಡ ಹೇಳುತ್ತಿದ್ದಳು. ನಾಲ್ಕು ಒಂದು ಅಂದರೆ ಹೊಲ ಬೇಕಾಗಬಹುದು ಅನ್ನುವ ಮೊದಲ ಅಧಿಸೂಚನೆ. ಆರು ಒಂದು ಅಂದರೆ ತೆಗೆದುಕೊಳ್ಳುವುದು ಖಾತ್ರಿ. ಆ ಜನರ ಮನೆ ಬಾಗಿಲಿಗೆ ಸರ್ಕಾರ ಬಂದದ್ದೇ ನೋಟಿಸಿನ ರೂಪದಲ್ಲಿ. ಅಂಥ ಹೊತ್ತಿನಲ್ಲಿ ನೋಟಿಸು ಓದಿ ಅರ್ಥ ಹೇಳುವವನು ವಕೀಲ ಒಬ್ಬನೇ. ಅವನ ಮಾತೇ ಅವರಿಗೆ ಕಾನೂನು. ಅದಕ್ಕೇ ಅವನು ನೆಟ್ಟಗಿರಬೇಕು ಅನ್ನುವುದು.

ನನಗೆ ಇವತ್ತಿಗೂ ಕೊರೆಯುವುದು ಆ ಹಳೆ ಕಾಯ್ದೆಯ 28ಎ ಕಲಮಿನ ವಿಷಯ. ಒಂದೇ ಅಧಿಸೂಚನೆಯಲ್ಲಿ ಹತ್ತು ಜನರ ಹೊಲ ಹೋಗಿದೆ ಅಂದುಕೊಳ್ಳಿ. ಇಬ್ಬರು ಕೋರ್ಟಿಗೆ ಹೋಗಿ ಹೆಚ್ಚು ದರ ಪಡೆದರು. ಉಳಿದ ಎಂಟು ಜನ ಬಡವರು, ಹೋಗಿರಲಿಲ್ಲ. ಅವರೂ ಆ ದರ ಕೇಳಬಹುದು. ಭೂಸ್ವಾಧೀನಾಧಿಕಾರಿಗೆ ಒಂದು ಅರ್ಜಿ ಕೊಟ್ಟರೆ ಸಾಕು. ಆದರೆ ಕೋರ್ಟಿನ ತೀರ್ಪಾದ ಮೂರು ತಿಂಗಳೊಳಗೆ ಕೊಡಬೇಕು. ಆ ಮೂರು ತಿಂಗಳು ಯಾರಿಗೂ ಗೊತ್ತಾಗದೆ ಕಳೆದುಹೋಗುತ್ತಿತ್ತು. ಗೆದ್ದ ಇಬ್ಬರ ವಕೀಲರು ಊರಲ್ಲಿ ಒಂದು ಮಾತು ಹೇಳಿದ್ದರೆ ಎಂಟು ಮನೆ ಉಳಿಯುತ್ತಿದ್ದವು. ಕೆಲವರು ಹೇಳಿದ್ದಾರೆ. ಒಬ್ಬ ವಕೀಲರು ತಮ್ಮ ಕೈಯಾರೆ ಅರ್ಜಿ ಬರೆದು ಹಂಚಿದ್ದನ್ನು ನೋಡಿದ್ದೇನೆ. ಒಂದು ಪೈಸೆ ಮುಟ್ಟಲಿಲ್ಲ. ಅವರು ಈಗಿಲ್ಲ. ಹೇಳಲೇಬೇಕು ಅಂತ ಯಾವ ನಿಯಮವೂ ಅವರಿಗೆ ಇರಲಿಲ್ಲ.

ಇನ್ನು ಹಣದ ವಿಷಯ. ತೀರ್ಪಿನ ಹಣ ವಸೂಲಿಗೆ ವಕೀಲರು ದರಖಾಸ್ತು ಹಾಕಿ, ಸರ್ಕಾರ ಹಣ ಕೋರ್ಟಿಗೆ ಕಟ್ಟಿದ ಮೇಲೆ, ನಾನಿದ್ದ ಕೋರ್ಟಿನಲ್ಲಿ ಒಬ್ಬರು ನ್ಯಾಯಾಧೀಶರು ಪಾರ್ಟಿ ಖುದ್ದಾಗಿ ಬರಬೇಕು ಅನ್ನುತ್ತಿದ್ದರು. "ಎಷ್ಟು ಹಣ ಬಂದಿದೆ ಗೊತ್ತಾ ನಿಮಗೆ?" ಅಂತ ಕನ್ನಡದಲ್ಲಿ ಕೇಳುತ್ತಿದ್ದರು. ಎಷ್ಟೋ ಜನ "ಇಲ್ರಿ ಸಾಹೇಬ್ರೆ, ವಕೀಲರಿಗೆ ಗೊತ್ತು" ಅನ್ನುತ್ತಿದ್ದರು. ಅವರು ಮೊತ್ತವನ್ನು ಗಟ್ಟಿಯಾಗಿ ಎರಡು ಸಲ ಹೇಳಿ, ಬರೆದ ಚೀಟಿ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಇದಕ್ಕೆ ಎರಡು ನಿಮಿಷವೂ ಹಿಡಿಯುತ್ತಿರಲಿಲ್ಲ.

ನೇಕಾರರ ಮನೆ ಮಗಳು, ಇಳಕಲ್

ಎಲ್ಲರೂ ಅಪ್ಪ, ಮಗ, ವಕೀಲ ಅಂತ ಮಾತಾಡುತ್ತಿದ್ದೀರಿ. ಹೆಣ್ಣುಮಕ್ಕಳ ವಿಷಯ ಯಾರೂ ಎತ್ತಲಿಲ್ಲ.

ನನ್ನ ತವರಿನ ಹೊಲವೂ ಮುಳುಗಡೆಗೆ ಹೋಗಿದೆ. ನಾವು ಮೂರು ಜನ ಅಕ್ಕತಂಗಿಯರು, ಇಬ್ಬರು ಅಣ್ಣಂದಿರು. ಹಣ ಬರುವ ಮೊದಲು ವಕೀಲರು ಮನೆಗೆ ಬಂದು ಒಂದು ಕಾಗದಕ್ಕೆ ಸಹಿ ಮಾಡಿಸಿಕೊಂಡರು. "ಕೇಸಿಗೆ ಬೇಕು ತಂಗಿ, ಸುಮ್ನೆ ಒಂದು ಸಹಿ" ಅಂದರು. ಅದು ಹಕ್ಕು ಬಿಡುಗಡೆ ಪತ್ರ. ಗೊತ್ತಾದದ್ದು ನಾಲ್ಕು ವರ್ಷದ ಮೇಲೆ.

ಅವರು ಯಾರ ವಕೀಲರು? ವಕಾಲತ್ತಿನಲ್ಲಿ ಅಮ್ಮನ ಸಹಿ ಇತ್ತು, ನಮ್ಮ ಮೂವರ ಸಹಿಯೂ ಇತ್ತು. ಅಂದರೆ ನಮಗೂ ಅವರೇ ವಕೀಲರು ಅಲ್ವಾ? ಅಣ್ಣಂದಿರಿಗೆ ಲಾಭ, ನಮಗೆ ನಷ್ಟ ಆಗುವ ಕಾಗದವನ್ನು ಓದಿ ಹೇಳದೆ ಸಹಿ ಮಾಡಿಸಬಹುದಾ? ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು 1994ರಲ್ಲೇ ಬಂದಿತ್ತು. ದೇಶಕ್ಕೆಲ್ಲ 2005ರಲ್ಲಿ ಬಂತು. ಅದು ಹುಟ್ಟಿನಿಂದಲೇ ಬರುವ ಹಕ್ಕು ಅಂತ ಸುಪ್ರೀಂ ಕೋರ್ಟು 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಹೇಳಿತು. ಇದೆಲ್ಲ ನಾನು ಆಮೇಲೆ ಕಲಿತದ್ದು. ವಕೀಲರಿಗೆ ಅವತ್ತೇ ಗೊತ್ತಿರಬೇಕಿತ್ತು.

ಆ ಸಹಿಯಿಂದ ನನ್ನ ಪಾಲು ಎಷ್ಟು ಹೋಯಿತು ಅನ್ನುವುದಕ್ಕಿಂತ, ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಅನ್ನುವುದು ಜಾಸ್ತಿ ನೋವು. ಓದಿ ಹೇಳಿದ್ದರೆ ಅಣ್ಣಂದಿರಿಗೆ ನಾನೇ ಬಿಟ್ಟುಕೊಡುತ್ತಿದ್ದೆನೋ ಏನೋ.

ನಾನು ಕಾನೂನು ಸೇವಾ ಸಮಿತಿಗೆ ಹೋದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನಲ್ಲಿ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೆಯೇ. ಮುಧೋಳದ ಅಣ್ಣನವರು ಬಡವ ಏನು ಮಾಡಬೇಕು ಅಂದರಲ್ಲ, ಇದೊಂದು ದಾರಿ ಇದೆ. 15100ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ. ಎಲ್ಲ ಚೆನ್ನಾಗಿದೆ ಅಂತ ಹೇಳಲಾರೆ. ನನಗೆ ಕೊಟ್ಟ ವಕೀಲರು ಮೊದಲ ಎರಡು ತಾರೀಖಿಗೆ ಬರಲೇ ಇಲ್ಲ. ಆಮೇಲೆ ಸಮಿತಿಗೆ ಬರೆದುಕೊಟ್ಟೆ, ಬೇರೆ ವಕೀಲೆಯನ್ನು ಕೊಟ್ಟರು. ಅವರು ಪ್ರತಿ ತಾರೀಖಿಗೆ ಬರುತ್ತಾರೆ. ನನಗೆ ಅರ್ಥ ಆಗುವ ಹಾಗೆ ಹೇಳುತ್ತಾರೆ. ಕೇಸು ನಡೆಯುತ್ತಿದೆ.

ಕಬ್ಬು ಬೆಳೆಗಾರ, ಮುಧೋಳ

ಅಕ್ಕಾರ, ಇದನ್ನು ಓದಿ ಮನಸ್ಸಿಗೆ ಕೆಟ್ಟದೆನಿಸಿತು. ನಮ್ಮ ಮನೆಯಲ್ಲೂ ಅಂಥದ್ದೊಂದು ಪತ್ರ ಇದೆ. ತಂಗಿಯರಿಗೆ ನಾನು ಓದಿ ಹೇಳಿರಲಿಲ್ಲ. ಈ ಪಂಚಮಿಗೆ ಬಂದಾಗ ತೆಗೆದು ತೋರಿಸುತ್ತೇನೆ.

ಉಚಿತ ವಕೀಲರ ವಿಷಯ ನನಗೆ ಗೊತ್ತಿತ್ತು, ಆದರೆ ಕಳ್ಳತನ ಜಗಳದ ಕೇಸಿಗೆ ಮಾತ್ರ ಅಂದುಕೊಂಡಿದ್ದೆ.

ಕಾನೂನು ವಿದ್ಯಾರ್ಥಿನಿ, ಬೆಳಗಾವಿ

ಅಲ್ಲ ಅಣ್ಣಾ, ಸಿವಿಲ್ ಕೇಸಿಗೂ ಇದೆ.

ಜಮಖಂಡಿ ಸರ್ ಬರೆದದ್ದನ್ನು ನಮ್ಮ ತರಗತಿಯ ಗೆಳತಿಯರಿಗೆ ಓದಿ ಹೇಳಿದೆ. ನಮಗೆ ವೃತ್ತಿ ನೀತಿ ಒಂದು ಪೇಪರು. ಪರೀಕ್ಷೆಗೆ ನಿಯಮದ ನಂಬರು ಬಾಯಿಪಾಠ ಮಾಡುತ್ತೇವೆ. 20ನೆಯ ನಿಯಮದ ಹಿಂದೆ ಬಡ್ಡಿಯ ಲೆಕ್ಕ, ಒಂದು ಮದುವೆ, ಒಬ್ಬ ಮುದುಕರು ಇರಬಹುದು ಅಂತ ನಾನು ಯೋಚಿಸಿರಲಿಲ್ಲ. ಮೇಲೆ ನಾನು ಉತ್ತರ ಬರೆದದ್ದೂ ಹಾಗೆಯೇ, ನಂಬರು ಹೇಳಿ ಮುಗಿಸಿದೆ. ಬೀಳಗಿ ಅಣ್ಣನವರ ಅಪ್ಪನ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ಕ್ಷಮಿಸಿ.

ಇನ್ನೊಂದು ಮಾತು. ವಕೀಲರೊಬ್ಬರ ವಿರುದ್ಧ ಯಾರೂ ನಿಲ್ಲಬಾರದು ಅಂತ ಯಾವುದಾದರೂ ವಕೀಲರ ಸಂಘ ಠರಾವು ಮಾಡಿದರೆ ಹೆದರಬೇಡಿ. ಯಾರ ಪರವಾಗಿಯೂ ವಕೀಲರು ನಿಲ್ಲಬಾರದು ಅನ್ನುವಂಥ ಠರಾವಿಗೆ ಬೆಲೆಯಿಲ್ಲ ಅಂತ 2010ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಕೊಯಮತ್ತೂರಿನ ಪ್ರಕರಣ ಅದು.

ಹಿನ್ನೀರಿನ ಊರಿನವ, ಬೀಳಗಿ ತಾಲ್ಲೂಕು

ಎಲ್ಲರಿಗೂ ಏನಾಯಿತು ಅಂತ ಹೇಳಬೇಕು.

ಜಮಖಂಡಿ ಸರ್ ಹೇಳಿದಂತೆ ಮೊದಲು ಒಂದು ಪತ್ರ ಬರೆದೆ. ದೂರು ಅಂತ ಬರೆಯಲಿಲ್ಲ. ಹಣದ ಲೆಕ್ಕ ಕೊಡಿ, ಫೈಲು ಕೊಡಿ, ಉಳಿದ ಖಾಲಿ ಚೆಕ್ಕು ವಾಪಸು ಕೊಡಿ ಅಂತ ಮೂರೇ ಮಾತು. ರಿಜಿಸ್ಟರ್ ಅಂಚೆಯಲ್ಲಿ ಹಾಕಿದೆ. ಅಪ್ಪ ಸಹಿ ಹಾಕುವುದಿಲ್ಲ ಅಂದುಕೊಂಡಿದ್ದೆ. ಓದಿಸಿ ಕೇಳಿದರು. "ಮುರಿದು ಮಾತಾಡಿಲ್ಲ ಅಲ್ವಾ?" ಅಂದರು. ಇಲ್ಲ ಅಂದೆ. ಸಹಿ ಹಾಕಿದರು.

ಎಂಟು ದಿನಕ್ಕೆ ವಕೀಲರ ಗುಮಾಸ್ತರು ಬಂದು ಫೈಲು ಕೊಟ್ಟು ಹೋದರು. ಮೂರು ಚೆಕ್ಕು ಒಳಗೇ ಇದ್ದವು. ಲೆಕ್ಕ ಇನ್ನೂ ಬಂದಿಲ್ಲ. ತಿಂಗಳು ಕಾಯುತ್ತೇನೆ. ಆಮೇಲೆ ಪರಿಷತ್ತಿಗೆ ಬರೆಯುತ್ತೇನೆ, ಅದನ್ನು ಅಪ್ಪನಿಗೆ ಹೇಳಿಯೇ ಬರೆಯುತ್ತೇನೆ. ನಮ್ಮ ಊರಿನ ಉಳಿದ ಇಪ್ಪತ್ತೊಂಬತ್ತು ಮನೆಗಳಲ್ಲಿ ಆರು ಮನೆಯವರು ಬಂದು ಆ ಪತ್ರದ ನಕಲು ಕೇಳಿದ್ದಾರೆ. ಕೊಟ್ಟಿದ್ದೇನೆ.

ಫೈಲು ಬಂದ ದಿನ ಅಪ್ಪ ತೀರ್ಪು ನೋಡಲಿಲ್ಲ, ಮೊತ್ತವನ್ನೂ ನೋಡಲಿಲ್ಲ. ಹಾಳೆ ತಿರುವುತ್ತಾ ತಿರುವುತ್ತಾ ಅಜ್ಜನ ಉತಾರ ಹುಡುಕಿದರು. ಸಿಕ್ಕಿತು. ಅಂಚು ಸ್ವಲ್ಪ ಹರಿದಿದೆ. ಸರ್ವೆ ನಂಬರು, ನಾಲ್ಕು ಎಕರೆ ಹನ್ನೆರಡು ಗುಂಟೆ, ಕೆಳಗೆ ಅಜ್ಜನ ಹೆಸರು, ಶಾಯಿ ಇನ್ನೂ ಕಾಣುತ್ತದೆ. ಬಾಗಲಕೋಟೆಗೆ ಹೋಗಿ ಲ್ಯಾಮಿನೇಷನ್ ಮಾಡಿಸಿಕೊಂಡು ಬಾ ಅಂದರು. ನಾಳೆ ಹೋಗುತ್ತಿದ್ದೇನೆ.